ಕುಂಕುಮ ಹತ್ತಿದ ಕೆಪಾಸಿಟರ್

ಬೀರುವಿನ ಒಳಖಾನೆಯಲ್ಲಿ ಕೆಂಪು ಬಟ್ಟೆ ಇತ್ತು. ಅದರಲ್ಲಿ ಸುತ್ತಿಟ್ಟಿದ್ದ ಕಾಸಿನ ಸರ ಇರಲಿಲ್ಲ.

ವೆಂಕಟರಂಗಯ್ಯನವರು ಮಂಚದ ಮೇಲೆ ಕುಳಿತುಬಿಟ್ಟರು. ನಿವೃತ್ತ ಮೇಷ್ಟ್ರು. ತುಮಕೂರಿನ ಸದಾಶಿವನಗರದಲ್ಲಿ ಮಗಳು ಪ್ರೇಮಲತಾಳೊಂದಿಗೆ ವಾಸ. ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಆಕೆ ಕೊನೆಯ ದಿನದವರೆಗೂ ಕೊರಳಿಂದ ತೆಗೆಯದಿದ್ದ ಸರ ಅದು.

ಆ ದಿನ, ಮಂಗಳವಾರ, ಕೋಣೆಗೆ ಬಂದಿದ್ದ ಹೊರಗಿನವನು ಒಬ್ಬನೇ: ಕುಣಿಗಲ್‌ನ ಎಸಿ ಮೆಕ್ಯಾನಿಕ್ ಅಂಜನಮೂರ್ತಿ. ಬೀರುವಿನ ಕೀ ಬೀಗದಲ್ಲೇ ನೇತಾಡುತ್ತಿತ್ತು.

ಸಬ್‌ಇನ್ಸ್‌ಪೆಕ್ಟರ್ ಶಶಿರೇಖಾ ಅವನನ್ನು ಮನೆಗೇ ಕರೆಸಿದರು. ಎದುರುಮನೆಯ ಭದ್ರಮ್ಮ ಗೇಟಿನ ಬಳಿ ನಿಂತು ಹೇಳಿದರು, "ಹೋಗೋವಾಗ ಇವನ ಬ್ಯಾಗು ಭಾರವಾಗಿತ್ತು. ನಾನೇ ಕಂಡೆ." ಬೀದಿಯವರೆಲ್ಲ ನೋಡುತ್ತಿದ್ದಂತೆ ಅಂಜನಮೂರ್ತಿ ಜೀಪು ಹತ್ತಿದ.

* * *

ಕುಣಿಗಲ್‌ನ ಅವನ ಮನೆಯಲ್ಲಿ ಒಂದು ಚಿನ್ನದ ಸರ ಸಿಕ್ಕಿತು. ಪೇದೆ ಭೀಮರಾಜ್ ಹಿಗ್ಗಿದ. ಗೋಡೆಯ ಮೇಲಿದ್ದ ಮದುವೆಯ ಫೋಟೋ ನೋಡಿ ಸಪ್ಪಗಾದ. ಅದೇ ಸರ ವಧುವಿನ ಕೊರಳಲ್ಲಿತ್ತು.

"ಇಷ್ಟರಲ್ಲೇ ಮೂರು ಮನೆಯವರು ಬರಬೇಡ ಅಂತ ಫೋನ್ ಮಾಡವ್ರೆ ಮೇಡಂ," ಎಂದ ಅಂಜನಮೂರ್ತಿ ಠಾಣೆಯಲ್ಲಿ. "ನಮ್ಮ ಕೆಲಸ ಜನರ ಬೆಡ್‌ರೂಮಲ್ಲಿ. ನಂಬಿಕೆ ಹೋದ್ರೆ ಯಾರು ಒಳಗೆ ಬಿಡ್ತಾರೆ?"

ಶಶಿರೇಖಾ ಟೋಪಿ ತೆಗೆದುಕೊಂಡು ಮತ್ತೆ ಮೇಷ್ಟ್ರ ಮನೆಗೆ ಹೊರಟರು.

* * *

"ಎಸಿ ಯಾವತ್ತು ಕೆಟ್ಟಿದ್ದು ಮೇಷ್ಟ್ರೇ?"

"ಭಾನುವಾರ ಸಂಜೆ. ಬರೀ ಗಾಳಿ ಬರೋದು, ತಂಪಿಲ್ಲ. ಮಹಡಿ ಮೇಲಿನ ಪೆಟ್ಟಿಗೆ ಗುಂಯ್ ಅಂತ ನರಳಿ ಸುಮ್ಮನಾಗೋದು. ಮೂರನೇ ಸಲಕ್ಕೆ ಬ್ರೇಕರ್ ಬಿತ್ತು. ಆಮೇಲೆ ಮುಟ್ಟಲಿಲ್ಲ."

"ಮೆಕ್ಯಾನಿಕ್ ಏನು ಮಾಡಿದ?"

"ಕರೆಂಟ್ ಪೂರ್ತಿ ತೆಗೆದ. ಒಳಗೆ ಹತ್ತು ನಿಮಿಷ ಒಬ್ಬನೇ ವೈರು ನೋಡಿದ. ಆಮೇಲೆ ಮಹಡಿಗೆ ಬಂದು ಕೆಪಾಸಿಟರ್ ಬದಲಾಯಿಸಿದ. ನಾನು ಪಕ್ಕದಲ್ಲೇ ಕೊಡೆ ಹಿಡಿದು ನಿಂತಿದ್ದೆ. ಬಿಚ್ಚಿದ್ದನ್ನ ನನ್ನ ಕೈಗೇ ಕೊಟ್ಟು ಹೋದ."

ಅದು ಅಂಗೈ ಉದ್ದದ ಅಲ್ಯೂಮಿನಿಯಂ ಡಬ್ಬಿ. ಕಂಪ್ರೆಸರ್ ತಿರುಗಲು ಮೊದಲ ತಳ್ಳು ಕೊಡುವುದು ಅದೇ. ತಲೆ ಉಬ್ಬಿತ್ತು. ಶಶಿರೇಖಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಎಸಿ ತಗೊಂಡಿದ್ದು ಯಾವಾಗ?"

"ಹೋದ ಬೇಸಿಗೆ. ನಮ್ಮನೆಯವಳಿಗೆ ಸೆಖೆ ತಡೀತಿರಲಿಲ್ಲ." ಮೇಷ್ಟ್ರ ದನಿ ಕುಗ್ಗಿತು.

ಡಬ್ಬಿಯ ಮೇಲೆ 2017 ಎಂದು ಅಚ್ಚಾಗಿತ್ತು, ಎಸಿಗಿಂತ ಎಷ್ಟೋ ವರ್ಷ ಹಳೆಯದು. ಅಂಚಿನ ಸಂದಿಯಲ್ಲಿ ಕೆಂಪು ಪುಡಿ ಕಚ್ಚಿಕೊಂಡಿತ್ತು. ಶಶಿರೇಖಾ ಉಗುರಿನಿಂದ ಕೆರೆದರು. ಕುಂಕುಮ.

"ಭಾನುವಾರ ಮನೆಗೆ ಯಾರು ಬಂದಿದ್ರು?"

ಪ್ರೇಮಲತಾ ಹೇಳಿದಳು, "ಅಮ್ಮನ ಮೂರನೇ ತಿಂಗಳ ತಿಥಿ ಇತ್ತು. ಗುಬ್ಬಿಯಿಂದ ಹನುಮಂತರಾಜು ಮಾವ ಬಂದಿದ್ರು, ಅಮ್ಮನ ತಮ್ಮ. ಊಟ ಆದ್ಮೇಲೆ ನಾನೂ ಅಪ್ಪನೂ ದೇವಸ್ಥಾನಕ್ಕೆ ಹೋದ್ವಿ. ಮಾವ ಆ ರೂಮಲ್ಲೇ ಮಲಗಿದ್ರು."

"ಬೀರು ತೆಗೆದು ನೋಡಬೇಕು ಅಂತ ಮಂಗಳವಾರ ಯಾಕೆ ಅನ್ನಿಸ್ತು?"

"ಮಾವನೇ ಫೋನ್ ಮಾಡಿದ್ರು, ಎಸಿ ರಿಪೇರಿ ಆಯ್ತು ಅಂದೆ. ರಿಪೇರಿಯವರು ಬಂದಿದ್ರಲ್ಲ, ಅಕ್ಕನ ಸರ ನೋಡ್ಕೊಳ್ಳಿ ಅಂದ್ರು."

* * *

ಠಾಣೆಯಲ್ಲಿ ಅಂಜನಮೂರ್ತಿ ಡಬ್ಬಿಯನ್ನು ತಿರುಗಿಸಿ ನೋಡಿದ.

"ಬಿಚ್ಚುವಾಗಲೇ ಇದು ಈ ಎಸಿದಲ್ಲ ಅನ್ನಿಸ್ತು ಮೇಡಂ. ನನಗಿಂತ ಮುಂಚೆ ಬಂದೋನು ಯಾವನೋ ಹಳೇದು ಹಾಕಿ ಮೋಸ ಮಾಡವ್ನೆ ಅಂದ್ಕೊಂಡೆ. ಇನ್ನೊಬ್ಬನ ಹೆಸರು ಕೆಡಿಸೋದ್ಯಾಕೆ ಅಂತ ಸುಮ್ಮನಾದೆ."

"ಚೆನ್ನಾಗಿ ಸುಮ್ಮನಾದೆ ಬುಡು," ಎಂದ ಭೀಮರಾಜ್. "ನೀವೂ ಆಯುಧಪೂಜೆ ಮಾಡ್ತೀರಲ್ಲ? ಕುಂಕುಮ ನಿಂದೇ ಇರಬೌದು."

"ನಾವು ಸ್ಪಾನರ್‌ಗೆ ಇಡ್ತೀವಿ ಸಾರ್. ಎಸಿ ಹೊಟ್ಟೇಲಿ ಯಾರು ಕುಂಕುಮ ಇಡ್ತಾರೆ? ಇದು ತೋಟದ ಬೋರ್‌ವೆಲ್ ಮೋಟಾರಿಂದು. ರೈತರು ಆಯುಧಪೂಜೆಗೆ ಸ್ಟಾರ್ಟರ್ ಪೆಟ್ಟಿಗೆ ಬಾಗಿಲು ತೆಗೆದು ಒಳಗೂ ಇಡ್ತಾರೆ."

* * *

ಹನುಮಂತರಾಜುವಿನ ತೆಂಗಿನ ತೋಟ ಗುಬ್ಬಿಯಿಂದ ಎರಡು ಮೈಲಿ. ಮೋಟಾರು ಓಡುತ್ತಿತ್ತು. ಕಾಲುವೆಯಲ್ಲಿ ನೀರು ಹರಿಯುತ್ತಿತ್ತು.

"ಮೋಟಾರ್ ನಿಲ್ಲಿಸಿ, ಆ ಸ್ಟಾರ್ಟರ್ ಪೆಟ್ಟಿಗೆ ತೆಗೀರಿ," ಎಂದರು ಶಶಿರೇಖಾ ಅವನಿಗೆ.

"ಕಳ್ಳನ್ನ ಹಿಡಿದಿದೀರಂತಲ್ಲ ಮೇಡಂ, ಇಲ್ಲೇನು ಕೆಲಸ?"

"ತೆಗೀರಿ."

ಒಳಗೆ ಎಲ್ಲಕ್ಕೂ ಕುಂಕುಮದ ಬೊಟ್ಟುಗಳಿದ್ದವು, ಒಂದನ್ನು ಬಿಟ್ಟು. ಆ ಕೆಪಾಸಿಟರ್ ಹೊಚ್ಚ ಹೊಸದು. ಅದರ ಮೇಲೆ ಮೇಷ್ಟ್ರ ಎಸಿ ಕಂಪನಿಯ ಹೆಸರಿತ್ತು.

ಶಶಿರೇಖಾ ಸಾವಕಾಶವಾಗಿ ಹೇಳಿದರು.

"ಭಾನುವಾರ ಸರ ತಗೊಂಡ್ರಿ. ಅವತ್ತೇ ಗೊತ್ತಾದ್ರೆ ಅನುಮಾನ ನಿಮ್ಮ ಮೇಲೇ. ಅದಕ್ಕೆ ಹೊರಗಿನವನೊಬ್ಬ ಆ ರೂಮಿಗೆ ಬರಬೇಕಿತ್ತು. ಎಸಿ ಕೆಡಿಸಿದ್ರೆ ಬಂದೇ ಬರ್ತಾನೆ. ತೋಟದಲ್ಲಿ ಸತ್ತಿದ್ದ ಕೆಪಾಸಿಟರನ್ನ ಒರೆಸಿ ಜೇಬಲ್ಲಿಟ್ಟುಕೊಂಡು ಹೋದ್ರಿ. ಸಂದೀಲಿ ಉಳಿದ ಕುಂಕುಮ ಕಾಣಲಿಲ್ಲ. ಮೆಕ್ಯಾನಿಕ್ ಬರೋಕ್ಕೆ ಎರಡು ದಿನ ಮುಂಚೇನೇ ಎಸಿ ಕೆಟ್ಟಿದೆ. ಅವನು ಬಿಚ್ಚಿದ್ದನ್ನ ಮೇಷ್ಟ್ರೇ ನೋಡಿದಾರೆ. ಅಂದ್ಮೇಲೆ ಆ ಹಳೇ ಡಬ್ಬಿ ಅಲ್ಲಿಟ್ಟೋರು ಭಾನುವಾರ ಮನೇಲಿದ್ದೋರು. ಈ ಹೊಸದೊಂದನ್ನ ದಾರೀಲಿ ಬಿಸಾಕಿದ್ದಿದ್ರೆ ನನ್ನ ಹತ್ರ ಇಷ್ಟು ಸಾಕ್ಷಿ ಇರ್ತಿರಲಿಲ್ಲ."

ಹನುಮಂತರಾಜು ಹರಿವು ನಿಂತ ಕಾಲುವೆಯನ್ನು ನೋಡಿದ. "ಚೆನ್ನಾಗಿರೋದನ್ನ ಯಾರಾದ್ರೂ ಬಿಸಾಕ್ತಾರಾ ಮೇಡಂ? ಮರ ಒಣಗ್ತಿದ್ವು."

"ಸರ?"

"ನಮ್ಮವ್ವಂದು ಅದು. ಅಕ್ಕನ ಮದ್ವೇಲಿ ಬಿಚ್ಚಿಕೊಟ್ಟಿದ್ಲು. ಅಕ್ಕನೇ ಇಲ್ಲ ಅಂದ್ಮೇಲೆ ತವರಿಗೆ ಬರಬೇಕಲ್ವಾ?"

"ಮೇಷ್ಟ್ರನ್ನ ಕೇಳಬಹುದಿತ್ತು."

"ಕೇಳಿದ್ರೆ ಕೊಟ್ಟುಬುಡೋರು, ಕೇಳೋಕೆ ನಂಗೇ ಬಾಯಿ ಬರ್ಲಿಲ್ಲ," ಎಂದು ಹೇಳಿ ಅವನು ತಲೆ ತಗ್ಗಿಸಿದ. ತೋಟದ ಮನೆಯ ಅಕ್ಕಿಯ ಡಬ್ಬದಿಂದ ಸರವನ್ನು ತಾನೇ ತೆಗೆದುಕೊಟ್ಟ.

* * *

ಮರುದಿನ ಬೆಳಿಗ್ಗೆ ವೆಂಕಟರಂಗಯ್ಯನವರು ಠಾಣೆಗೆ ಬಂದು ಅಂಜನಮೂರ್ತಿಗೆ ಕೈ ಮುಗಿದರು.

"ತಪ್ಪಾಯ್ತಪ್ಪ."

"ನೀವು ಕೈ ಮುಗಿಯೋದು ಬೇಡ ಸಾರ್. ಜೀಪು ಹತ್ತಿದ್ದನ್ನ ಬೀದಿಯವರೆಲ್ಲ ನೋಡಿದ್ರು. ಬಿಟ್ಟಿದ್ದನ್ನ ಯಾರು ನೋಡ್ತಾರೆ?"

ಮೇಷ್ಟ್ರು ಅವನ ಬ್ಯಾಗನ್ನು ತಾವೇ ಎತ್ತಿಕೊಂಡು ಅವನೊಂದಿಗೆ ಆಟೋ ಹತ್ತಿದರು. ಅದನ್ನು ತಮ್ಮ ಬೀದಿಯ ತುದಿಯಲ್ಲೇ ನಿಲ್ಲಿಸಿದರು. ಅವನೊಂದಿಗೆ ಬೀದಿಯುದ್ದಕ್ಕೂ ನಡೆದರು. ಎದುರಾದವರಿಗೆಲ್ಲ, "ಇವರದೇನೂ ತಪ್ಪಿಲ್ಲ, ತಪ್ಪು ನಮ್ಮ ಮನೆಯದೇ," ಎಂದರು. ಹಾಗೆ ಹೇಳುವುದು ಅವರಿಗೆ ಸುಲಭವಾಗಿರಲಿಲ್ಲ. ಕೊನೆಗೆ ಭದ್ರಮ್ಮನ ಗೇಟಿನ ಮುಂದೆ ನಿಂತರು.

"ನಿಮ್ಮ ಎಸಿ ನೀರು ಸುರಿಸ್ತದೆ ಅಂದಿದ್ರಲ್ಲ. ಇವರನ್ನ ಕರ್ಕೊಂಡು ಬಂದಿದೀನಿ."

ಭದ್ರಮ್ಮ ಬ್ಯಾಗನ್ನು ನೋಡಿದರು, ಅಂಜನಮೂರ್ತಿಯ ಮುಖವನ್ನು ನೋಡಿದರು. ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡರು.

"ಒಳಗಡೆ ಬೆಡ್‌ರೂಮಲ್ಲಿದೆ, ಹೋಗಿ ನೋಡಪ್ಪ," ಎಂದು, ಅವನನ್ನು ಅಲ್ಲಿ ಒಬ್ಬನನ್ನೇ ಬಿಟ್ಟು, ಕಾಫಿಗೆ ನೀರಿಡಲು ಅಡುಗೆಮನೆಗೆ ಹೋದರು.