ಹೋರಿಯ ತಾಯಿ

ಗೇಲರ್ಡ್ ಆಡಿದ ಮಾತು ಮೂರು ವರ್ಷವಾದರೂ ವರ್ಲಿನ್‌ನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ದನದ ಹರಾಜಿನಲ್ಲಿ, ನೆಬ್ರಾಸ್ಕಾದ ಅರ್ಧ ಜಿಲ್ಲೆಯ ದನಗಾರರ ಮುಂದೆ, ಬೇಲಿಯಾಚೆಯ ಈ ನೆರೆಯವನು ಹೇಳಿದ್ದ: "ವರ್ಲಿನ್ ಹಸುಗಳು ಹೋದ ದಾರೀಲಿ ಕಸ ಗುಡಿಸೋದೇ ಬೇಡ ಕಣ್ರಯ್ಯಾ. ಕೆಚ್ಚಲೇ ಗುಡಿಸ್ಕೊಂಡು ಹೋಗುತ್ತೆ!" ನಕ್ಕವರಲ್ಲಿ ಪಾದ್ರಿಯೂ ಇದ್ದ.

ಸೇಡಿಗೆ ವರ್ಲಿನ್ ಬಂದೂಕು ಹಿಡಿಯಲಿಲ್ಲ, ಹೋರಿ ಹಿಡಿದ. ಮೈತುಂಬ ಮಾಂಸವಿದ್ದ, ನೋಡಿದವರ ಬಾಯಲ್ಲಿ ನೀರೂರಿಸುವ ಕಪ್ಪು ಹೋರಿ. ಅದರ ತಾಯಿಯ ಕೆಚ್ಚಲು ಮಾತ್ರ ಮೊಣಕಾಲಿಗೆ ಬಡಿಯುತ್ತಿತ್ತು. ತೊಟ್ಟುಗಳು ಸೋಡಾ ಬಾಟಲಿಯಷ್ಟು ದಪ್ಪ, ಎಳೆಗರುವಿನ ಬಾಯಿಗೆ ಹಿಡಿಸುವಂಥವಲ್ಲ. ಕರು ಹೇಗೋ ಬದುಕಿಕೊಂಡಿತ್ತು. ಹೇಗೆಂದು ವರ್ಲಿನ್ ತಲೆ ಕೆಡಿಸಿಕೊಂಡಿರಲಿಲ್ಲ. ಗೇಲರ್ಡ್‌ಗೆ ಇದನ್ನು ಮಾರಿದರೆ ಸಾಕು, ಆ ಕೆಚ್ಚಲು ಹೋರಿಯ ಮೂಲಕ ಅದರ ಹೆಣ್ಣುಕರುಗಳಿಗೆ ಇಳಿಯುತ್ತದೆ. ಅವು ಬೆಳೆದು ಈಯುವವರೆಗೂ ಯಾರಿಗೂ ಸುಳಿವು ಸಿಗುವುದಿಲ್ಲ. ಸಿಗುವ ಹೊತ್ತಿಗೆ ಗೇಲರ್ಡ್‌ನ ಹಿಂಡಿನ ತುಂಬ ಜೋಲುಕೆಚ್ಚಲು. ಮಾರ್ಚ್ ತಿಂಗಳ ಹಿಮದಲ್ಲಿ ಒಂದೊಂದು ಕರುವಿನ ಬಾಯಿಗೂ ತೊಟ್ಟಿಡಲು ಅವನು ಮಂಡಿಯೂರಬೇಕು. ಅದನ್ನು ನೆನೆದರೆ ವರ್ಲಿನ್‌ಗೆ ಬೆಳಗಿನ ಕಾಫಿಗೆ ಸಕ್ಕರೆಯೇ ಬೇಡವಾಗಿತ್ತು.

ತೊಡಕು ಒಂದೇ. ತಾಯಿಯ ಕೆಚ್ಚಲು ನೋಡದೆ ಗೇಲರ್ಡ್ ಹೋರಿ ಕೊಳ್ಳುವವನಲ್ಲ. ವರ್ಲಿನ್ ಜೋಲುಕೆಚ್ಚಲಿನ ಹಸುವನ್ನು ಕಡಿಸಿ ಫ್ರೀಜರಿಗೆ ತುಂಬಿದ. ಅದರ ಕಿವಿಯ ನಂಬರಿನ ಬಿಲ್ಲೆಯನ್ನು, ಹಿಂಡಿನಲ್ಲಿ ಕೆಚ್ಚಲು ಚೆನ್ನಾಗಿದ್ದ ಒಂದೇ ಒಂದು ಹಸುವಿನ ಕಿವಿಗೆ ಚುಚ್ಚಿದ. ಸಾಕ್ಷಿಯನ್ನು ಆಲೂಗಡ್ಡೆಯೊಂದಿಗೆ ಬೇಯಿಸಿ ತಿನ್ನುವ ಭಾಗ್ಯ ಎಷ್ಟು ಜನ ಅಪರಾಧಿಗಳಿಗಿದೆ? ಹೆಂಡತಿ ಆರ್ಡಿತ್‌ಗೆ ಮಾತ್ರ ಗುಟ್ಟು ಬಿಟ್ಟುಕೊಡಲಿಲ್ಲ. ಅವಳಿಗೆ ಹೇಳಿದರೆ ಭಾನುವಾರದೊಳಗೆ ಇಡೀ ಚರ್ಚಿಗೆ ಹೇಳಿದಂತೆ.

ಗೇಲರ್ಡ್ ಬಂದ. ಬಿಲ್ಲೆ ಓದಿದ, ಹಸುವಿನ ಹಿಂದೆ ಕುಕ್ಕರಗಾಲಲ್ಲಿ ಕೂತ, ಟೋಪಿ ಹಿಂದಕ್ಕೆ ಸರಿಸಿದ.

"ಅಲ್ಲಯ್ಯ, ಇಂಥ ಕೆಚ್ಚಲು ನಿನ್ನ ಹಿಂಡಲ್ಲಿ ಹೇಗೆ ಹುಟ್ತು?"

"ದೇವರು ಕೊಟ್ಟಿದ್ದು," ಎಂದ ವರ್ಲಿನ್, ವಿನಯದಿಂದ.

"ನಾನವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ ಮಾರಾಯ. ಹೋರಿ ನನಗೇ ಇರಲಿ."

ಗೇಲರ್ಡ್ ಕೈಚಾಚಿದ. ಅಷ್ಟರಲ್ಲಿ ಆರ್ಡಿತ್ "ಊಟಕ್ಕೆ ಬನ್ರೀ" ಎಂದು ಕೂಗುತ್ತ ಬೇಲಿಯ ಬಳಿ ಬಂದಳು. ಅವಳ ದನಿ ಕೇಳಿದ್ದೇ ತಡ, ಆ ದೈತ್ಯ ಹೋರಿ ಬಾಲವೆತ್ತಿ ಓಡಿಬಂದು, ಬೇಲಿಯ ಸಂದಿನಲ್ಲಿ ಮೂತಿ ತೂರಿಸಿ ಅವಳ ಏಪ್ರನ್ನಿನ ತುದಿಯನ್ನು ಲೊಚಲೊಚನೆ ಚೀಪತೊಡಗಿತು. "ಬಿಡೋ ಕಳ್ಳ! ಇಷ್ಟು ಬೆಳೆದ್ರೂ ನನ್ನ ಬಾಟಲಿ ಹಾಲು ಮರ್ತಿಲ್ಲ ನೋಡಿ ಇವನು," ಎಂದು ಅವಳು ನಕ್ಕಳು. ಗೇಲರ್ಡ್ ಚಾಚಿದ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ. "ತಾಯಿಗೆ ಇಷ್ಟು ಚೆಂದದ ಕೆಚ್ಚಲಿದ್ದೂ ಇವನಿಗೆ ಬಾಟಲಿ ಯಾಕಮ್ಮ?" ಆರ್ಡಿತ್ ಹಸುವನ್ನೊಮ್ಮೆ ನೋಡಿದಳು. "ಇವಳ್ಯಾಕೆ ಇವನ ತಾಯಿ ಆಗ್ತಾಳೆ? ಇವನ ತಾಯಿ ಒಲೆ ಮೇಲಿದ್ದಾಳೆ. ಬನ್ನಿ, ಆರಿಹೋಗುತ್ತೆ."