ಟಬ್ಬಿನಲ್ಲಿ ನೆನೆಯುತ್ತಿದ್ದ ಕಳವು ಮಾಲು

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಲ್ಯಾಬ್ ಎಂಜಿನಿಯರಮ್ಮ ಠಾಣೆಗೆ ಬಂದು, ನಾಲ್ಕು ಕಾಂಕ್ರೀಟ್ ಕ್ಯೂಬು ಕಳುವಾಗಿವೆ ಎಂದು ದೂರು ಕೊಟ್ಟಳು. ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. ಚಿನ್ನದ ಗಟ್ಟಿ ಕದ್ದವರನ್ನು ಕಂಡಿದ್ದರು. ಕಾಂಕ್ರೀಟು ಹೊತ್ತೊಯ್ಯೋ ಪುಣ್ಯಾತ್ಮ ಯಾರಪ್ಪಾ!

“ಅದರಲ್ಲೇನಮ್ಮ ವಿಶೇಷ?”

“ಸಿಮೆಂಟ್ ಅರ್ಧ ಸಾರ್. ಮಿಕ್ಕಿದ್ದು ಭತ್ತದ ಹೊಟ್ಟಿನ ಬೂದಿ, ಉಕ್ಕಿನ ಕುಲುಮೆಯ ಕಿಟ್ಟ. ಸಿಮೆಂಟ್ ಸುಡೋ ಹೊಗೆ ಕಮ್ಮಿ, ಉಪ್ಪುನೀರಿಗೂ ಬೇಗ ಹಾಳಾಗಲ್ಲ. ಮೂರು ಕ್ಯೂಬು ನಾಳೆ ಮೆಷೀನಲ್ಲಿ ಒತ್ತಿ ನೋಡೋ ಪರೀಕ್ಷೆಗೆ, ಒಂದು ಹೆಚ್ಚಿಗೆ. ಅಲ್ಲೀವರೆಗೂ ನೀರಲ್ಲೇ ನೆನೀತಿರಬೇಕು, ಇಲ್ಲಾಂದ್ರೆ ಗಟ್ಟಿಯಾಗಲ್ಲ. ಪಾಸಾದ್ರೆ ಕಡಲ ಸೇತುವೆಗೆ ನನ್ನ ಮಿಶ್ರಣ. ಇಲ್ಲಾಂದ್ರೆ ಇಷ್ಟು ವರ್ಷದ ಕೆಲಸ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ.”

ಎಫ್‌ಐಆರ್ ಆಯಿತು. ಲ್ಯಾಬಿನ ಬೀಗ ಮುರಿದಿರಲಿಲ್ಲ.

“ಬೀಗದ ಕೈ?”

“ಮನೇಲಿತ್ತು. ನಿನ್ನೆ ರಜೆ, ನಾನು ಚಿಕ್ಕಮ್ಮನ ಮನೆಗೆ ಹೋಗಿದ್ದೆ.”

“ಮನೇಲಿ ಯಾರಿದ್ರು?”

“ಅಪ್ಪ. ಮೊದಲು ಸಿಮೆಂಟ್ ಅಂಗಡಿ ಇಟ್ಟಿದ್ರು. ‘ಬೂದೀಲಿ ಸೇತುವೆ ಕಟ್ತೀಯೋ, ಪಾತ್ರೆ ಬೆಳಗ್ತೀಯೋ’ ಅಂತ ದಿನಾ ರೇಗಿಸ್ತಾರೆ.”

ಹೆಡ್ ಕಾನ್‌ಸ್ಟೇಬಲ್ ಮೀಸೆಯಲ್ಲೇ ನಕ್ಕ. ಅವಳನ್ನೂ ಹತ್ತಿಸಿಕೊಂಡು ಜೀಪು ಅವಳ ಮನೆಗೆ ಹೊರಟಿತು.

ಹಿತ್ತಲಲ್ಲಿ ಟಣ್ ಟಣ್ ಸದ್ದು, ಕೊನೆಗೊಂದು ಫಟ್. ಬನಿಯನ್ನು ತೊಯ್ದು ತೊಪ್ಪೆಯಾಗಿದ್ದ ಯಜಮಾನರ ಕೈಯಲ್ಲಿ ಸುತ್ತಿಗೆಯ ಮುರಿದ ಹಿಡಿ, ಕಾಲ ಬಳಿ ಮೂಲೆ ಮಾತ್ರ ಚಕ್ಕೆ ಎದ್ದ ಒಂದು ಕ್ಯೂಬು.

“ಮಿಕ್ಕಿದ್ದು?”

ಅವರು ಮೂಲೆ ತೋರಿಸಿದರು. ಒದ್ದೆ ಗೋಣಿಯ ಕೆಳಗೆ ಟಬ್ಬು, ತಿಳಿನೀರಲ್ಲಿ ಮೂರು ಕ್ಯೂಬು.

“ಕದ್ದ ಮಾಲಿಗೆ ಬಾಣಂತಿ ಆರೈಕೆ ಸಾರ್!” ಎಂದ ಹೆಡ್ ಕಾನ್‌ಸ್ಟೇಬಲ್. ಪಂಚನಾಮೆಗೆಂದು ಎತ್ತಲು ಹೋಗಿ ಸೊಂಟ ಹಿಡಿದುಕೊಂಡ.

“ಮಗಳ ಕೆಲಸ ಕೆಡಿಸಬೇಕು ಅಂತಾನಾ ಯಜಮಾನ್ರೇ?”

“ಬಿಡ್ತು ಅನ್ನಿ! ನಾಳೆ ಎಲ್ಲರೆದುರು ಇವು ಪುಡಿಯಾಗಿ, ನನ್ನ ಮಗಳು ತಲೆ ತಗ್ಗಿಸಬೇಕಾ? ಹೆಚ್ಚಿಗೆ ಇದ್ದದ್ದನ್ನ ಹೊಡೆದು ನೋಡ್ದೆ. ಒಡೆದ್ರೆ ಎಲ್ಲಾನೂ ಬಚ್ಚಿಡೋದು, ಪರೀಕ್ಷೇನೇ ಇಲ್ಲ. ಇಲ್ದಿದ್ರೆ ಸಂಜೆಯೊಳಗೆ ವಾಪಸ್.”

“ಯಾಕೆ ವಾಪಸ್ ಇಡಲಿಲ್ಲ?”

“ಹಾಳಾದ್ದು ಒಡೀಲೇ ಇಲ್ವಲ್ಲ ಸಾರ್! ಇನ್ನೊಂದೇಟು, ಇನ್ನೊಂದೇಟು ಅಂತ ಕತ್ತಲಾಯ್ತು. ಬೆಳಗ್ಗೆ ಇವಳು ಹೊರಟ ಮೇಲೆ ಮತ್ತೆ ಶುರು ಮಾಡ್ದೆ.”

ಹಿಂದೆ ನಿಂತಿದ್ದ ಮಗಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಚೆನ್ನಾಗಿದೆ ಅಂತ ಒಂದು ಮಾತು ಹೇಳೋಕಾಗ್ತಿರಲಿಲ್ವಾ ಅಪ್ಪಾ?”

“ಸಿಮೆಂಟ್ ಮಾರಿದ ಬಾಯಿ ಕಣೇ. ಬರಲಿಲ್ಲ,” ಎಂದು ಅವರು ತಾವಾಗಿಯೇ ಜೀಪು ಹತ್ತಿದರು.

ಬಂಧನ ದಾಖಲಾಗಿ ಠಾಣೆಯಲ್ಲೇ ಜಾಮೀನಾಯಿತು. ಕ್ಯೂಬುಗಳನ್ನು ಮುಚ್ಚಳಿಕೆ ಬರೆಸಿಕೊಂಡು ಮಗಳಿಗೆ ಕೊಟ್ಟರು. ಮಂಗಳವಾರ ಮೂರೂ ಪಾಸಾದವು. ಮೆಷೀನು ಒತ್ತುವಾಗ ಆರೋಪಿ ಬಾಗಿಲ ಹೊರಗೆ ಕಣ್ಣು ಮುಚ್ಚಿ ನಿಂತಿದ್ದರು. ಕಳವಿನ ಉದ್ದೇಶದ ಎದುರು ಇನ್ಸ್‌ಪೆಕ್ಟರು ‘ಹೊಟ್ಟೆಕಿಚ್ಚು’ ಎಂದು ಬರೆದದ್ದನ್ನು ಹೊಡೆದುಹಾಕಿ, ‘ಮಗಳು ಸೋಲುವುದನ್ನು ನೋಡುವ ಧೈರ್ಯವಿರಲಿಲ್ಲ’ ಎಂದು ಬರೆದರು.