ಹಳೇ ಪೇಟೆಯ ಏಳು ಬೊಂಬೆಗಳು

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ರಿಂಗ್ ರಸ್ತೆಯ ಸಿದ್ಧ ಉಡುಪಿನ ಸಾಹುಕಾರರು ಏದುಸಿರು ಬಿಡುತ್ತಾ ಠಾಣೆಗೆ ಬಂದರು. ತಮ್ಮ ಕಡೆಯ ಏಳು ಜನ ಕಾಣೆಯಾಗಿದ್ದಾರೆ ಎಂದರು. ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಚಹಾ ಕೆಳಗಿಟ್ಟು ನೆಟ್ಟಗೆ ಕೂತರು. ಏಳು ಜನ ಅಂದರೆ ಹುಡುಗಾಟವೇ!

"ಹೆಸರು ಹೇಳಿ."

"ಹೆಸರಿಲ್ಲ ಮೇಡಂ."

"ವಯಸ್ಸು?"

"ಕೊಂಡು ಹದಿನೈದು ವರ್ಷ ಆಯ್ತು."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಪೆನ್ನು ಎತ್ತಿದ. ಕಂಡದ್ದು, ಕೇಳಿದ್ದು, ಕನಸಲ್ಲಿ ಬಂದದ್ದು ಎಲ್ಲವನ್ನೂ ಮೇಡಂ ಕಿವಿಗೆ ಹಾಕುತ್ತಿದ್ದ ಅವನಿಗೆ ಠಾಣೆಯಲ್ಲಿ 'ವರದಿ' ಎಂದೇ ಅಡ್ಡಹೆಸರು.

"ಬೊಂಬೆಗಳು ಮೇಡಂ," ಎಂದು ಸಾಹುಕಾರರು ಹಣೆ ಒರೆಸಿಕೊಂಡರು. "ಅಂಗಡಿ ಮುಂದೆ ಬಟ್ಟೆ ತೊಡಿಸಿ ನಿಲ್ಲಿಸ್ತೀವಲ್ಲ, ಅವು. ಹಳೇವು ಅಂತ ಗೋದಾಮಲ್ಲಿ ಇಟ್ಟಿದ್ದೆ. ಹೊಸ ಶಾಖೆಗೆ ಬೇಕಲ್ಲ ಅಂತ ಹೋಗಿ ನೋಡಿದ್ರೆ ಒಂದೂ ಇಲ್ಲ."

ವರದಿ ನಗು ತಡೆಯಲಾಗದೆ ಕೆಮ್ಮಿದ. ಇನ್ಸ್‌ಪೆಕ್ಟರ್ ಅವನನ್ನು ಗುರಾಯಿಸಿದರು. ಕಳ್ಳತನ ಕಳ್ಳತನವೇ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಗೋದಾಮಿನ ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಗ್ಗಿರಲಿಲ್ಲ. ಬೊಂಬೆಗಳನ್ನು ಸಿಕ್ಕಿಸುವ ಕಬ್ಬಿಣದ ಬಿಲ್ಲೆಗಳು ಮಾತ್ರ ಧೂಳಿನಲ್ಲಿ ಸಾಲಾಗಿ ಬಿದ್ದಿದ್ದವು.

"ನನ್ನ ಕಣ್ಣು ತಪ್ಪಿಸಿ ಇಲೀನೂ ಆಚೆ ಹೋಗಲ್ಲ," ಎಂದ ಕಾವಲುಗಾರ.

"ಇಲಿ ಇರಲಿ, ಬೊಂಬೆ ಹೋಗಿದೆಯಲ್ಲಪ್ಪ. ಯಾರ್ಯಾರು ಬಂದು ಹೋಗ್ತಾರೆ?"

"ಕೆಲಸದವರು. ಸರಕಿನ ಗಾಡಿ. ಮತ್ತೆ ಟೈಲರಕ್ಕ, ಬಟ್ಟೆ ಬಿಗಿ ಸಡಿಲ ಮಾಡೋದಕ್ಕೆ ದಿನಾ ಗಂಟು ಹೊತ್ಕೊಂಡು ಹೋಗ್ತಾರೆ. ಅವರು ಬಿಡಿ, ಪಾಪ."

ಹೊರಡುವಾಗ ಇನ್ಸ್‌ಪೆಕ್ಟರ್ ಅಂಗಡಿಯ ಒಳಗಿನಿಂದ ಹಾದುಬಂದರು. ಮುಂಭಾಗದ ಹೊಸ ಬೊಂಬೆಗಳು ರಸ್ತೆಯ ಕಡೆಗೆ ರಾಜರಾಣಿಯರ ಹಾಗೆ ನಿಂತಿದ್ದವು. ಹಿಂದಿನಿಂದ ನೋಡಿದರೆ ಅಯ್ಯೋ ಎನಿಸುವಂತಿತ್ತು. ದೊಗಳೆ ಅಂಗಿಗಳನ್ನು ಮುದುರಿ ಬೆನ್ನ ತುಂಬಾ ಪಿನ್ನು ಚುಚ್ಚಿದ್ದರು.

"ಎಲ್ಲರೂ ಹೀಗೇ ಮಾಡೋದು ಮೇಡಂ," ಎಂದರು ಸಾಹುಕಾರರು. "ಬೆನ್ನು ಯಾರು ನೋಡ್ತಾರೆ?"

ಬುಧವಾರ ಸಂಜೆ ವರದಿ ಓಡೋಡಿ ಬಂದ. "ಮೇಡಂ, ಹಳೇ ಪೇಟೇಲಿ ಜನ ಸೇರಿದ್ದಾರೆ!"

"ಗಲಾಟೆನಾ?"

"ಇಲ್ಲ. ಸುಮ್ನೆ ಓಡಾಡ್ತಾ ಇದಾರೆ."

ಇದು ಗಲಾಟೆಗಿಂತ ದೊಡ್ಡ ಸುದ್ದಿ. ಊರಿನ ನಟ್ಟನಡುವೆ ಇದ್ದೂ ಹಳೇ ಪೇಟೆ ಎಷ್ಟೋ ವರ್ಷದಿಂದ ಬಿಕೋ ಎನ್ನುತ್ತಿತ್ತು. ವ್ಯಾಪಾರವೆಲ್ಲ ರಿಂಗ್ ರಸ್ತೆಗೆ ಓಡಿತ್ತು. ನಗರಸಭೆ ಸರ್ಕಾರದ ಹಣ ತಂದು ಬೀದಿಗೆ ಕಲ್ಲು ಹಾಸಿತು, ದೀಪ ನೆಟ್ಟಿತು, ಮುಚ್ಚಿದ ತನ್ನ ಅಂಗಡಿಗಳಿಗೆ ಹೊಸ ಗಾಜು ಕೂಡಿಸಿತು. ಬೀದಿ ಸಿಂಗರಿಸಿಕೊಂಡು ಕೂತಿತೇ ಹೊರತು ನೋಡಲು ಯಾರೂ ಬರಲಿಲ್ಲ. ಅಂಗಡಿಯಿಲ್ಲ ಅಂತ ಜನ ಬರಲಿಲ್ಲ, ಜನವಿಲ್ಲ ಅಂತ ಅಂಗಡಿಯವರು ಬರಲಿಲ್ಲ. ಈ ಶುಕ್ರವಾರ ಹಣ ಮಂಜೂರು ಮಾಡುವ ಸಮಿತಿ ಬರುವುದಿತ್ತು. ಬೀದಿಗೆ ಜೀವ ಬಂದಿದೆ ಅನ್ನಿಸಿದರೆ ಮುರುಕು ಮಾರುಕಟ್ಟೆ ಕಟ್ಟಡಕ್ಕೂ ಹಣ, ಇಲ್ಲವಾದರೆ ಇಷ್ಟಕ್ಕೇ ಮಂಗಳ. ಇನ್ಸ್‌ಪೆಕ್ಟರ್‌ಗೆ ಇದೆಲ್ಲ ಗೊತ್ತಿತ್ತು. ಚಿಕ್ಕವರಿದ್ದಾಗ ಅಮ್ಮನ ಸೆರಗು ಹಿಡಿದು ಅವರು ತಿರುಗಿದ್ದ ಬೀದಿ ಅದು. ಈಗ ಜೀಪಿನಲ್ಲಿ ಹಾದುಹೋಗುವಾಗಲೂ ಮುಖ ಆಚೆ ತಿರುಗಿಸುತ್ತಿದ್ದರು.

ಜೀಪು ಬೀದಿ ಬಾಯಿಗೆ ನಿಂತಿತು. ಗಾಜುಗಳ ಹಿಂದೆ ದೀಪ ಉರಿಯುತ್ತಿತ್ತು. ಒಂದರಲ್ಲಿ ನೀಲಿ ಫ್ರಾಕಿನ ಹೆಂಗಸು, ಇನ್ನೊಂದರಲ್ಲಿ ಮಗುವಿನ ಕೈ ಹಿಡಿದ ತಾಯಿ, ಮತ್ತೊಂದರಲ್ಲಿ ಕಪ್ಪು ಕೋಟಿನ ಗಂಡಸು. ಎಣಿಸಿದರೆ ಏಳು. ಕಪ್ಪು ಕೋಟಿನ ಮುಂದೆ ಕೊಡೆ ರಿಪೇರಿಯ ಮುದುಕಪ್ಪ ಗಾಜಿಗೆ ಮೂಗು ಒತ್ತಿ ನಿಂತಿದ್ದ. ಗಿರಾಕಿಯಿಲ್ಲದೆ ಅಂಗಡಿ ಮುಚ್ಚಿ, ಮನೆ ಜಗಲಿ ಮೇಲೆ ನೊಣ ಹೊಡೆಯುತ್ತಿದ್ದ ಆಸಾಮಿ.

"ಏನು ತಾತ?"

"ಇದು ನನ್ನ ಮದುವೆ ಕೋಟು ಕಣಮ್ಮ."

"ಕದ್ದಿದ್ದಾರಾ?"

"ಛೆ ಛೆ. ಹೊಲಿಯೋಕೆ ಕೊಟ್ಟಿದ್ದೆ, ಅಷ್ಟರಲ್ಲಿ ಮದುವೆ ಮುರಿದುಬಿತ್ತು. ನಾಚಿಕೆಗೆ ತಗೊಳ್ಳೋಕೇ ಹೋಗ್ಲಿಲ್ಲ. ಇಷ್ಟು ವರ್ಷ ಇಟ್ಕೊಂಡಿದಾಳಲ್ಲ ಪುಣ್ಯಾತ್ಗಿತ್ತಿ!"

ಇನ್ಸ್‌ಪೆಕ್ಟರ್ ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಬೊಂಬೆಯ ಬೆನ್ನು ನೋಡಿದರು. ಒಂದೇ ಒಂದು ಪಿನ್ನಿಲ್ಲ. ಬೊಂಬೆಯ ಅಳತೆಗೇ ಕೋಟನ್ನು ಬಿಚ್ಚಿ ಮತ್ತೆ ಹೊಲಿಯಲಾಗಿತ್ತು. ಕೈ ಮುರಿದ ಬೊಂಬೆಯ ತೋಳನ್ನು ಮಡಚಿ, ಜೇಬಿಗೆ ಕೈ ಹಾಕಿದೆ ಅನ್ನಿಸುವ ಹಾಗೆ ಕೂಡಿಸಿದ್ದರು. ನಾಲ್ಕು ಪಿನ್ನಿಗೆ ಮುಗಿಯುವ ಕೆಲಸಕ್ಕೆ ಹೀಗೆ ಜೀವ ತೇಯುವ ಕಳ್ಳರು ಊರಲ್ಲಿ ಎಷ್ಟು ಜನ ಇದ್ದಾರು?

ಬೀದಿಯ ಕೊನೆಯ ಅಂಗಡಿಯಲ್ಲಿ ಟೈಲರಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅರವತ್ತು ದಾಟಿದ ತೆಳ್ಳನೆಯ ಹೆಂಗಸು. ಖಾಕಿ ಕಂಡದ್ದೇ ಎದ್ದು ನಿಂತು, ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಸುತ್ತಿಟ್ಟಳು.

"ನೀವೇನಾ?"

"ನಾನೇ."

"ಹೇಗೆ ತಂದ್ರಿ?"

"ಗಂಟಿನಲ್ಲಿ. ದಿನಾ ಸ್ವಲ್ಪ ಸ್ವಲ್ಪ. ಒಂದಿನ ಕೈ, ಒಂದಿನ ಕಾಲು. ತಲೆ ತರುವಾಗ ಮಾತ್ರ ಕಾವಲಿನವನು 'ಏನಕ್ಕ ಭಾರ' ಅಂದ. ಚಳಿಗಾಲದ ಬಟ್ಟೆ ಅಂದೆ."

ವರದಿ ಗೋಡೆಯ ಕಡೆ ತಿರುಗಿ ಮತ್ತೆ ಕೆಮ್ಮಿದ.

"ಅಂಗಡಿಗಳ ಕೀಲಿ?"

"ಗಾಜು ಒರೆಸೋ ಕೆಲಸ ನಗರಸಭೆ ನನಗೇ ಕೊಟ್ಟಿದೆ."

"ಬಟ್ಟೆ?"

"ಹೊಲಿಯೋಕೆ ಕೊಟ್ಟು ಯಾರೂ ಬಂದು ತಗೊಳ್ದೇ ಇರೋವು. ಅವನ್ನ ಬಿಸಾಕೋಕೆ ಮನಸ್ಸು ಬರ್ಲಿಲ್ಲ."

"ಸಮಿತಿ ಕಣ್ಣಿಗೆ ಮಣ್ಣೆರಚೋದು ಮೋಸ ಅಲ್ವೇನಮ್ಮ?"

ಟೈಲರಕ್ಕ ತಲೆ ತಗ್ಗಿಸಿದಳು. ಆಮೇಲೆ ಗಾಜಿನಾಚೆ ಬೆರಳು ತೋರಿಸಿದಳು. "ಬೊಂಬೆ ಸುಳ್ಳು, ಒಪ್ಕೋತೀನಿ. ಅವನ್ನ ನೋಡೋಕೆ ಬಂದವರು ನಿಜ ತಾನೆ?"

ಇನ್ಸ್‌ಪೆಕ್ಟರ್ ವರದಿಗೆ ಕಾಗದ ತೆಗೆಯಲು ಹೇಳಿದರು. ಹೊತ್ತು ಮುಳುಗುವ ಮುಂಚೆ ಅಲ್ಲೇ ಬಂಧನದ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಜಪ್ತಿ ಪಂಚನಾಮೆ ಬರೆಸಿದರು. ಬೊಂಬೆಗಳನ್ನು ಒಂದೊಂದಾಗಿ ಜೀಪಿಗೆ ಏರಿಸುವಾಗ ಬೀದಿಯ ಜನ ನಿಂತು ನೋಡಿದರು. ಗಾಜುಗಳು ಮತ್ತೆ ಖಾಲಿಯಾದವು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಟೈಲರಕ್ಕ ಅದನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನ್ನನ್ನ ಒಳಗೆ ಹಾಕಿ ಮೇಡಂ, ಬೇಜಾರಿಲ್ಲ. ನಾಡಿದ್ದು ಅವರು ಈ ಕತ್ತಲೆ ನೋಡ್ಕೊಂಡು ವಾಪಸ್ ಹೋಗ್ತಾರಲ್ಲ!"

ಇನ್ಸ್‌ಪೆಕ್ಟರ್ ಜೀಪಿನ ಕಡೆ ತಿರುಗಿದರು. ಜಪ್ತಿಯಾದ ವಸ್ತುಗಳ ನಡುವೆ ಕೀಲಿಗೊಂಚಲು ಇತ್ತು. ಅದನ್ನೆತ್ತಿ ಸುತ್ತ ನೋಡಿದರು. ಸುದ್ದಿ ತಿಳಿದು ಬಂದಿದ್ದ ನಗರಸಭೆಯ ಇಂಜಿನಿಯರ್ ಗುಂಪಿನಲ್ಲಿ ಕೈಕಟ್ಟಿ ನಿಂತಿದ್ದ.

"ಇದು ಕದ್ದ ಮಾಲಲ್ಲ. ಯಾರಿಗೆ ಕೊಡ್ಲಿ?"

"ಯಾರಾದ್ರೂ ತಗೊಳ್ಳಲಿ ಮೇಡಂ," ಎಂದು ಇಂಜಿನಿಯರ್ ರೇಗಿದ. "ಮೊದಲ ತಿಂಗಳು ಬಾಡಿಗೆ ಬೇಡ, ಕೂತು ವ್ಯಾಪಾರ ಮಾಡಿ ನೋಡಿ ಅಂತ ಮನೆ ಮನೆಗೆ ಹೋಗಿ ಗಂಟಲು ಹರ್ಕೊಂಡೆ. ಪಕ್ಕದವನು ಬರಲಿ, ಆಮೇಲೆ ನಾನು ಅಂತ ಎಲ್ಲರದ್ದೂ ಒಂದೇ ರಾಗ!"

ಗುಂಪು ನೆಲ ನೋಡಿತು. ಅದರೊಳಗಿಂದ ಕೊಡೆ ರಿಪೇರಿಯ ಮುದುಕಪ್ಪ ಮುಂದೆ ಬಂದು ಕೈಯೊಡ್ಡಿದ.

"ನಂಗೊಂದು ಕೊಡಿ. ನನ್ನ ಕೋಟು ನಿಂತಿತ್ತಲ್ಲ, ಆ ಅಂಗಡೀದು."

ಗುರುವಾರ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಜಾಮೀನು ಸಿಕ್ಕಿತು. ಬೊಂಬೆ ಗುರುತಿಸಲು ಠಾಣೆಗೆ ಬಂದ ಸಾಹುಕಾರರು ಅವುಗಳ ಬೆನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟರು. ದೂರು ಮಾತ್ರ ಹಿಂದಕ್ಕೆ ಪಡೆಯಲಿಲ್ಲ. ಆದರೆ ಹೊರಡುವಾಗ, "ಟೈಲರಕ್ಕನ ಜೊತೆ ತುಂಬಾ ಕಠಿಣವಾಗಿ ನಡ್ಕೋಬೇಡಿ," ಎಂದು ಗೊಣಗಿದರು. ಬಟ್ಟೆಗಳು ಕದ್ದ ಮಾಲಲ್ಲವೆಂದು ಸಂಜೆಯೇ ಹಳೇ ಪೇಟೆಗೆ ವಾಪಸ್ ಹೋದವು.

ಶುಕ್ರವಾರ ಬಂದೋಬಸ್ತಿನ ನೆಪದಲ್ಲಿ ಇನ್ಸ್‌ಪೆಕ್ಟರ್ ಹಳೇ ಪೇಟೆಗೆ ಬಂದರು. ಸಮಿತಿಯ ಕಾರುಗಳು ನಿಂತವು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಮೊದಲ ಗಾಜಿನ ಮುಂದೆ ಬಂದರು. ಒಳಗೆ ಗುಂಡಿ ಹಾಕಲಾಗದಷ್ಟು ಬಿಗಿಯಾದ ಕಪ್ಪು ಕೋಟಿನಲ್ಲಿ ಮುದುಕನೊಬ್ಬ ಅಲ್ಲಾಡದೆ ಕೂತಿದ್ದ.

"ಬೊಂಬೆ ಚೆನ್ನಾಗಿದೆ," ಎಂದು ಅಧ್ಯಕ್ಷರು ಗಾಜು ತಟ್ಟಿದರು.

ಬೊಂಬೆ ಬೆಚ್ಚಿ ಕಣ್ಣು ಬಿಟ್ಟಿತು. ಬೆಳಗಿನಿಂದ ಕಾದು ಜೊಂಪು ಹತ್ತಿತ್ತು, ಪಾಪ. "ಬನ್ನಿ ಬನ್ನಿ! ಕೊಡೆ ರಿಪೇರಿ ಇದೆಯಾ ಸ್ವಾಮಿ?"

ಬೀದಿಗೆ ಬೀದಿಯೇ ನಕ್ಕಿತು. ಅಧ್ಯಕ್ಷರೂ ನಕ್ಕರು. ಮುಂದಿನ ಗಾಜಿನ ಹಿಂದೆ ಚಪ್ಪಲಿ ಹೊಲಿಯುವವರು, ಅದರಾಚೆ ಕ್ಷೌರದವರು, ಅದರಾಚೆ ಕುರ್ಚಿಗೆ ಬೆತ್ತ ಹೆಣೆಯುವ ಅಕ್ಕ ತಂಗಿಯರು. ಏಳೂ ಅಂಗಡಿ ತುಂಬಿರಲಿಲ್ಲ, ಎರಡು ಖಾಲಿಯೇ ಇದ್ದವು. ಕೊನೆಯ ಅಂಗಡಿಯಲ್ಲಿ ಟೈಲರಕ್ಕ ತಲೆ ಎತ್ತದೆ ಹೊಲಿಯುತ್ತಿದ್ದಳು. ಅವಳ ಬಾಗಿಲಲ್ಲಿ ಮೂವರು ಗಿರಾಕಿಗಳು ಸಮಿತಿಯವರಿಗೂ ದಾರಿ ಬಿಡದೆ ನಿಂತಿದ್ದರು. ಆ ಖಾಲಿ ಎರಡು ಅಂಗಡಿ ಯಾರಿಗೆ ಎಂದು ಅಧ್ಯಕ್ಷರು ಕೇಳಿದಾಗ ಇಂಜಿನಿಯರ್‌ನ ಮುಖ ಅರಳಿತು. ಕೇಳಿಕೊಂಡು ಬಂದವರು ನಾಲ್ವರಿದ್ದಾರೆ ಎಂದ. ಮಾರುಕಟ್ಟೆಯ ಹಣಕ್ಕೆ ಅಂದೇ ಒಪ್ಪಿಗೆ ಸಿಕ್ಕಿತು.

ಸಂಜೆ ಠಾಣೆಯಲ್ಲಿ ವರದಿ ದೋಷಾರೋಪಣ ಪಟ್ಟಿ ಸಿದ್ಧಪಡಿಸುತ್ತಿದ್ದ.

"ಮೇಡಂ, ಕೃತ್ಯದ ಉದ್ದೇಶ ಏನಂತ ಬರೀಲಿ? ಲಾಭಕ್ಕೆ ಅಂತ ಹಾಕ್ಲಾ?"

ಇನ್ಸ್‌ಪೆಕ್ಟರ್ ಮೂಲೆಯಲ್ಲಿ ಒರಗಿದ್ದ, ಕಡ್ಡಿ ಮುರಿದ ತಮ್ಮ ಕೊಡೆಯನ್ನು ಎತ್ತಿಕೊಂಡರು. ಹಳೇ ಪೇಟೆ ಇನ್ನೂ ತೆರೆದಿರುವ ಹೊತ್ತು.

"ಬರಿ. ಯಾರಾದರೂ ಮೊದಲು ಬಾಗಿಲು ತೆಗೆಯಲಿ ಎಂದು."